ಎರಡನೇ ಗೇರು ನಿಲ್ಲುತ್ತಿರಲಿಲ್ಲ

ಮುಂಬೈಯ ವಿಕ್ರೋಳಿ ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದು ಎಲ್‌ಬಿಎಸ್ ಮಾರ್ಗ ದಾಟಿದರೆ ನೆಲ ಮೆಲ್ಲಗೆ ಏರತೊಡಗುತ್ತದೆ. ಮುಂದೆ ಪಾರ್ಕ್‌ಸೈಟಿನ ಗುಡ್ಡ, ಗುಡ್ಡದ ಮೈಗೆ ಒಂದರ ಮೇಲೊಂದು ಅಂಟಿಕೊಂಡ ಮನೆಗಳು, ಜುಲೈ ಮಳೆಗೆ ಅವುಗಳ ಮೇಲೆ ಹೊದಿಸಿದ ನೀಲಿ ತಾಡಪತ್ರಿ. ಏರು ಶುರುವಾಗುವ ಮೊದಲೇ, ಒಂದು ಸಂದಿಯ ಕೊನೆಯಲ್ಲಿ, ಎರಡು ಗಾಡಿ ಹಿಡಿಯುವಷ್ಟು ದೊಡ್ಡದೊಂದು ಗಾಲಾ, ಅಂದರೆ ವರ್ಕ್‌ಶಾಪು. ಬೋರ್ಡಿಲ್ಲ. ಬಾಗಿಲಲ್ಲಿ ಟೈರು, ಒಳಗೆ ಹಳೇ ಡೀಸೆಲಿನ ವಾಸನೆ, ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ ರಿಂಗ್ ಪಾನಾಗಳು. ನಡುವೆ ನೆಲದ ತಗಡು ಬಿಚ್ಚಿಸಿಕೊಂಡ ಒಂದು ಜೀಪು ನಿಂತಿದೆ. ಸೀಟಿನ ಜಾಗದಿಂದ ಬಗ್ಗಿ ನೋಡಿದರೆ ಕೆಳಗಿನ ಸಿಮೆಂಟು ಕಾಣುತ್ತದೆ.

ಜೀಪಿನ ಒಡೆಯ ಬಂಟ್ವಾಳ ಕಡೆಯ ಹುಡುಗ. ಹುಟ್ಟಿ ಬೆಳೆದದ್ದು ಇಲ್ಲೇ ಟಾಗೋರ್ ನಗರದಲ್ಲಿ. ವಾರವಿಡೀ ಕಂಪ್ಯೂಟರಿನ ಮುಂದೆ ಕೂರುವ ಕೆಲಸ, ಭಾನುವಾರ ಈ ಗಾಲಾ. ಕಲಿಸುವವರು ಇಂಡಿ ತಾಲ್ಲೂಕಿನಿಂದ ಹುಡುಗನಾಗಿ ಮುಂಬೈಗೆ ಬಂದು ಇಲ್ಲೇ ತಲೆ ನೆರೆಸಿದ ಮಿಸ್ತ್ರಿ. ಎಲ್ಲರಿಗೂ ಅವರು ಕಾಕಾ. ಇಬ್ಬರ ಕನ್ನಡಗಳ ನಡುವೆ ಹಿಂದಿ, ಮರಾಠಿ ಎರಡೂ ಧಾರಾಳವಾಗಿ ಓಡಾಡುತ್ತವೆ, ಯಾರಿಗೂ ಅಡ್ಡಿಯಾಗುವುದಿಲ್ಲ.

ಜೀಪು ಮಹೀಂದ್ರದ ಸಿಜೆ-3ಬಿ, ಪೆಟ್ರೋಲ್ ಗಾಡಿ. ಮೂಡಿಗೆರೆಯ ಕಾಫಿ ತೋಟವೊಂದರಲ್ಲಿ ದುಡಿದು, ಕೈಯಿಂದ ಕೈಗೆ ದಾಟಿ ಮುಂಬೈ ಸೇರಿದ್ದು. ಸೇರಿದ್ದು ಎನ್ನುವುದಕ್ಕಿಂತ ಮರಳಿದ್ದು ಎಂದರೆ ಸರಿ, ಏಕೆಂದರೆ ಈ ಜೀಪುಗಳ ತವರು ಮುಂಬೈಯೇ. ಮಹೀಂದ್ರ ಅಂಡ್ ಮೊಹಮ್ಮದ್ ಎಂದು 1945ರಲ್ಲಿ ಹುಟ್ಟಿದ ಕಂಪನಿ, ಪಾಲುದಾರ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದ ಮೇಲೆ 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಸ್ವಾತಂತ್ರ್ಯದ ಹಿಂದೆಮುಂದಿನ ಆ ವರ್ಷಗಳಲ್ಲೇ ಅಮೆರಿಕದ ವಿಲ್ಲಿಸ್ ಕಂಪನಿಯ ಜೀಪಿನ ಬಿಡಿಭಾಗಗಳು ಹಡಗಿನಲ್ಲಿ ಬಂದು ಮಜಗಾಂವ್‌ನಲ್ಲಿ ಜೋಡಣೆಯಾಗತೊಡಗಿದವು. 3ಬಿ ಮಾದರಿ ಅಮೆರಿಕದಲ್ಲಿ 1953ರಿಂದ 1968ರವರೆಗೆ ನಡೆದು ನಿಂತುಹೋಯಿತು, ಇಲ್ಲಿ ಅದರ ಸಂತಾನ ಎಷ್ಟೋ ಕಾಲ ಮುಂದುವರಿಯಿತು. ಅದರ ಬಾನೆಟ್ ಅಷ್ಟು ಎತ್ತರ ಇರುವುದು ಅಂದಕ್ಕಲ್ಲ. ಇನ್‌ಲೆಟ್ ವಾಲ್ವುಗಳನ್ನು ಹೆಡ್ಡಿಗೆ ಏರಿಸಿದ ಹರಿಕೇನ್ ಎಂಜಿನ್ ಹಳೆಯ ಬಾನೆಟ್ಟಿನಡಿ ಹಿಡಿಸಲಿಲ್ಲ, ಅಷ್ಟೇ.

ಎಂಜಿನ್ ಈ ಗಾಡಿಯ ಸಮಸ್ಯೆಯಲ್ಲ. ಸಮಸ್ಯೆ ಎರಡನೇ ಗೇರು. ಏರುವಾಗ ಗಟ್ಟಿಯಾಗಿ ಕೂತಿರುತ್ತದೆ. ಇಳಿಯುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದದ್ದೇ ಟಪ್ಪೆಂದು ನ್ಯೂಟ್ರಲ್‌ಗೆ ಹಾರುತ್ತದೆ. ಚಾರ್ಮಾಡಿ, ಶಿರಾಡಿ ಘಾಟಿಗಳಲ್ಲಿ ಹಳೇ ಜೀಪು ಓಡಿಸಿದವರಿಗೆ ಇದು ಗೊತ್ತು: ಒಂದು ಕೈ ಸ್ಟೀರಿಂಗಿಗೆ, ಇನ್ನೊಂದು ಕೈ ಗೇರ್ ಕೋಲನ್ನು ಒತ್ತಿ ಹಿಡಿಯಲಿಕ್ಕೆ. ಸೈಕಲ್ ಟ್ಯೂಬು ಕತ್ತರಿಸಿ ಕೋಲನ್ನು ಸೀಟಿಗೆ ಕಟ್ಟಿಕೊಂಡು ಓಡಿಸುವವರೂ ಇದ್ದರು. ಈ ಜೀಪಿನ ಕೋಲಿನ ಮೇಲೂ ಅಂಥ ಟ್ಯೂಬು ಉಜ್ಜಿದ ಗುರುತಿದೆ.

ಒಳಗಿರುವುದು ಟಿ-90 ಎಂಬ ಮೂರು ಗೇರಿನ ಡಬ್ಬಿ. ಎರಕದ ಕಬ್ಬಿಣ. ಅದರ ಬೆನ್ನಿಗೆ ಟ್ರಾನ್ಸ್‌ಫರ್ ಕೇಸು, ಅಂದರೆ ಶಕ್ತಿಯನ್ನು ಮುಂದಿನ ಚಕ್ರಗಳಿಗೂ ಹಂಚುವ ಪೆಟ್ಟಿಗೆ. ಮೊದಲನೇ ಗೇರಿನ ಅನುಪಾತ ಸುಮಾರು 2.8, ಎರಡನೆಯದು 1.55, ಮೂರನೆಯದು ನೇರ. ಮೊದಲನೇ ಗೇರು ಹಾಕಿ, ಟ್ರಾನ್ಸ್‌ಫರ್ ಕೇಸನ್ನು 2.46ರ ಲೋಗೆ ಎಳೆದು, ಆಕ್ಸೆಲಿನ 5.38 ಸೇರಿಸಿದರೆ ಎಂಜಿನ್ 37 ಸಲ ತಿರುಗಿದಾಗ ಚಕ್ರ ಒಂದು ಸಲ ತಿರುಗುತ್ತದೆ. ಕಾಫಿ ತೋಟದ ಕೆಸರಿನಲ್ಲಿ ಇದು ಮೂಟೆಗಳ ಸಮೇತ ಹತ್ತುತ್ತಿದ್ದುದರ ಲೆಕ್ಕ ಇಷ್ಟೇ.

ಡಬ್ಬಿ ಇಳಿಸುವುದು ಕಷ್ಟದ ಕೆಲಸ, ಆದರೆ ಬುದ್ಧಿಯದ್ದಲ್ಲ. ಪ್ರೊಪೆಲ್ಲರ್ ಶಾಫ್ಟು ಕಳಚಬೇಕು, ಕ್ಲಚ್ ಮತ್ತು ಹ್ಯಾಂಡ್‌ಬ್ರೇಕಿನ ಜೋಡಣೆ ಬಿಡಿಸಬೇಕು, ಎಂಜಿನ್ನಿನ ಹಿಂಭಾಗಕ್ಕೆ ಮರದ ತುಂಡು ಕೊಟ್ಟು ಜ್ಯಾಕ್ ನಿಲ್ಲಿಸಬೇಕು. ಆಮೇಲೆ ಇಬ್ಬರು ಕೆಳಗೆ ಮಲಗಿ, ಎದೆಯ ಮೇಲೆ ಬೀಳದಂತೆ ಆ ಭಾರವನ್ನು ಹಿಂದಕ್ಕೆ ಎಳೆದುಕೊಳ್ಳಬೇಕು. ಎಣ್ಣೆಯ ಬೋಲ್ಟು ತೆಗೆದಾಗ ಸುರಿದದ್ದು ಕಟಿಂಗ್ ಚಹಾದ ಬಣ್ಣದ ನೀರೆಣ್ಣೆ. ಎಷ್ಟೋ ಮಳೆಗಾಲಗಳ ನೀರು ಒಳಗೆ ಸೇರಿತ್ತು. ಕಾಕಾ ಅದರಲ್ಲಿ ಬೆರಳದ್ದಿ, ಹೆಬ್ಬೆರಳಿನ ಜೊತೆ ಉಜ್ಜಿ, ಬಾಗಿಲ ಬೆಳಕಿಗೆ ಹಿಡಿದರು. ಹಳದಿ ಚೂರುಗಳು ಮಿನುಗಿದವು.

"ಪಿತ್ತಳಿ ಐತಿ ತಮ್ಮಾ. ಸಿಂಕ್ರೊ ರಿಂಗು ಹೋಗೇತಿ. ಕಬ್ಬಣದ ಚೂರು ಬಂದಿದ್ರ ಚಿಂತಿ ಮಾಡಬೇಕಿತ್ತು." ಸಿಂಕ್ರೊ ರಿಂಗು ಎಂದರೆ ಗೇರು ಹಾಕುವಾಗ ವೇಗ ಹೊಂದಿಸುವ ಹಿತ್ತಾಳೆ ಬಳೆ.

ಟ್ರಾನ್ಸ್‌ಫರ್ ಕೇಸನ್ನು ಬೇರ್ಪಡಿಸುವಲ್ಲಿ ಮೊದಲ ಪಾಠ. ಗೇರ್‌ಬಾಕ್ಸಿನ ಮೇನ್ ಶಾಫ್ಟು ಹಿಂದಿನ ಪೆಟ್ಟಿಗೆಯೊಳಕ್ಕೆ ಚಾಚಿಕೊಂಡಿರುತ್ತದೆ, ತುದಿಯಲ್ಲೊಂದು ಗೇರು, ಅದನ್ನು ಹಿಡಿದ ನಟ್ಟು, ನಟ್ಟಿಗೆ ಸ್ಪ್ಲಿಟ್ ಪಿನ್ನು. ಹಿಂದಿನ ಮುಚ್ಚಳ ತೆಗೆಯದವನಿಗೆ ಇದು ಕಾಣುವುದೇ ಇಲ್ಲ. ಕಾಣದವನು ಬೋಲ್ಟುಗಳನ್ನೆಲ್ಲ ಬಿಚ್ಚಿ, ಬರಲಿಲ್ಲವೆಂದು ಸುತ್ತಿಗೆ ಎತ್ತುತ್ತಾನೆ. ಒಡೆದ ಎಷ್ಟೋ ಕೇಸುಗಳ ಕಥೆ ಅಲ್ಲಿಂದ ಶುರು. ಹುಡುಗನ ಕೈಯೂ ಸುತ್ತಿಗೆಯ ಕಡೆ ಹೋಯಿತು.

"ಇದು ಬರುದಿಲ್ಲ ಮಾರಾಯ್ರೆ, ಎಲ್ಲೋ ಸಿಕ್ಕಿಕೊಂಡಿದೆ."

"ಸಿಕ್ಕಿಲ್ಲ, ಹಿಡಿದೈತಿ. ಯಾವುದು ಹಿಡಿದೈತಿ ಅಂತ ಮೊದಲ ಹುಡುಕು. ಬಿಚ್ಚೂದು ದೊಡ್ಡ ಮಾತಲ್ಲ. ಹೆಂಗ ಬಿಚ್ಚಿದೆ ಅನ್ನೂದು ತಲ್ಯಾಗ ಇರಬೇಕು."

ಬಿಚ್ಚಿದ್ದನ್ನೆಲ್ಲ ಅವರು ಹಳೇ ಪ್ಲೈವುಡ್ ಹಲಗೆಯ ಮೇಲೆ ಬಂದ ಕ್ರಮದಲ್ಲೇ ಇಡಿಸುತ್ತಾರೆ, ಯಾವ ಮುಖ ಎಂಜಿನ್ ಕಡೆಗಿತ್ತೋ ಆ ಮುಖ ಎಡಕ್ಕೆ. ಹುಡುಗ ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೊ ತೆಗೆಯುತ್ತಾನೆ. ಕಾಕಾಗೆ ಅದರ ಮೇಲೆ ತಿರಸ್ಕಾರವೇನೂ ಇಲ್ಲ. ಆದರೆ ಫೋಟೊದಲ್ಲಿ ವಾಷರಿನ ದಪ್ಪ ಗೊತ್ತಾಗುವುದಿಲ್ಲ ಎಂದು ಒಂದು ಸಲ ಅಂದರು.

ಮೇಲಿನ ಮುಚ್ಚಳದ ಜೊತೆಗೇ ಗೇರ್ ಹಾಕುವ ಫೋರ್ಕುಗಳೆರಡೂ ಬಂದವು. ಅವುಗಳ ಸರಳುಗಳನ್ನು ಜಾಗದಲ್ಲಿ ಹಿಡಿದಿಡುವುದು ಒಂದೊಂದು ಸ್ಪ್ರಿಂಗು, ಒಂದೊಂದು ಉಕ್ಕಿನ ಗೋಲಿ. ಗೇರು ಹಾರುತ್ತದೆ ಎಂದು ಹೋದವರಿಗೆ ಬಹಳಷ್ಟು ಗ್ಯಾರೇಜುಗಳಲ್ಲಿ ಆಗುವ ರಿಪೇರಿ ಇಷ್ಟೇ: ಸ್ಪ್ರಿಂಗು ಬದಲಿಸಿ ಕಳಿಸುವುದು. ಕೆಲವು ದಿನ ನಿಲ್ಲುತ್ತದೆ, ಮತ್ತೆ ಹಾರುತ್ತದೆ. ನನ್ನ ದೃಷ್ಟಿಯಲ್ಲಿ ಇದು ರಿಪೇರಿಯಲ್ಲ, ಮುಂದೂಡಿಕೆ. ರೋಗ ಇರುವುದು ಕೆಳಗೆ. ಎರಡನೇ ಗೇರು ಮೇನ್ ಶಾಫ್ಟಿನ ಮೇಲೆ ತನ್ನಷ್ಟಕ್ಕೆ ತಿರುಗುತ್ತಿರುತ್ತದೆ, ಹಲ್ಲಿರುವ ಒಂದು ಸ್ಲೀವು ಜಾರಿ ಬಂದು ಅದನ್ನು ಶಾಫ್ಟಿಗೆ ಕಟ್ಟಿಹಾಕುತ್ತದೆ. ಆ ಹಲ್ಲುಗಳು ತುದಿಯಲ್ಲಿ ಸವೆದು ಓರೆಯಾದವೆಂದರೆ, ಇಳಿಜಾರಿನಲ್ಲಿ ಚಕ್ರವೇ ಎಂಜಿನ್ನನ್ನು ತಳ್ಳುವಾಗ, ಸ್ಲೀವು ಆ ಓರೆಯ ಮೇಲೆ ಜಾರಿ ಹೊರಬರುತ್ತದೆ. ಯಾವ ಸ್ಪ್ರಿಂಗಿಗೂ ಅದನ್ನು ತಡೆಯುವ ತ್ರಾಣ ಇಲ್ಲ. ಕಾಕಾ ಹುಡುಗನ ಬೆರಳು ಹಿಡಿದು ಹಲ್ಲಿನ ಒಂದು ಬದಿಯ ಮೇಲೆ ಎಳೆದರು, ಆಮೇಲೆ ಇನ್ನೊಂದು ಬದಿಯ ಮೇಲೆ. ಒಂದು ಬದಿ ಚೂಪಾಗಿತ್ತು, ಇನ್ನೊಂದು ಮೊಂಡಾಗಿತ್ತು. ಕಣ್ಣಿಗೆ ಎರಡೂ ಒಂದೇ.

ಡೀಸೆಲಿನಲ್ಲಿ ತೊಳೆದು, ಗಾಳಿ ಹೊಡೆದು, ಯಾವುದು ಉಳಿಯಬೇಕು ಯಾವುದು ಹೋಗಬೇಕು ಎಂದು ತೀರ್ಮಾನಿಸಿದ್ದು ಮಧ್ಯಾಹ್ನದ ಹೊತ್ತಿಗೆ. ದೊಡ್ಡ ಗೇರುಗಳೆಲ್ಲ ಉಳಿದವು. ಸ್ಲೀವು ಮತ್ತು ಹಬ್ಬು, ಎರಡೂ ಸಿಂಕ್ರೊ ರಿಂಗು, ಬೇರಿಂಗು, ಸೂಜಿ ರೋಲರು, ಥ್ರಸ್ಟ್ ವಾಷರು, ಆಯಿಲ್ ಸೀಲು ಹೋಗಬೇಕು. ಇವೆಲ್ಲ ಸಿಗುವ ಜಾಗ ಕುರ್ಲಾದ ಸಿಎಸ್‌ಟಿ ರಸ್ತೆ. ಅಲ್ಲಿ ಪ್ರತಿ ಅಂಗಡಿಯವನೂ ತನ್ನಲ್ಲಿರುವುದು ಒರಿಜಿನಲ್ ಹಳೇ ಸ್ಟಾಕ್ ಎಂದೇ ಹೇಳುತ್ತಾನೆ. ಕಾಕಾ ವಾದಿಸುವುದಿಲ್ಲ. ಜೇಬಿನಲ್ಲಿ ತಂದ ಗೇರನ್ನು ಹೊರತೆಗೆದು, ಅದರ ಕೋನಿನ ಮೇಲೆ ಹೊಸ ರಿಂಗನ್ನು ಒತ್ತಿ ತಿರುಗಿಸುತ್ತಾರೆ. ಕಚ್ಚಿ ಹಿಡಿದರೆ ಸರಿ. ಜಾರಿದರೆ ವಾಪಸು, ಪೊಟ್ಟಣದ ಮೇಲೆ ಯಾವ ಹೆಸರಿದ್ದರೂ. ಆಮೇಲೆ ರಿಂಗಿಗೂ ಗೇರಿನ ಹಲ್ಲಿಗೂ ನಡುವಿನ ಸಂದಿಗೆ ಫೀಲರ್ ಗೇಜು ತೂರಿಸಿ ನೋಡುತ್ತಾರೆ. ಸಂದಿ ಇಲ್ಲವೆಂದರೆ ರಿಂಗಿಗೆ ಸವೆಯಲು ಜಾಗವೇ ಇಲ್ಲ.

ಒಂದು ವಸ್ತು ಮಾತ್ರ ಕುರ್ಲಾದಲ್ಲಿ ಸಿಗುವುದಿಲ್ಲ, ಅದನ್ನು ಮಾಡಿಸಬೇಕು. ಡಮ್ಮಿ ಶಾಫ್ಟು. ವಿಕ್ರೋಳಿಯಲ್ಲಿ ಅದಕ್ಕೆ ಹೆಚ್ಚು ಅಲೆಯಬೇಕಿಲ್ಲ. ಹಳಿಯ ಆಚೆ ಗೋದ್ರೆಜ್‌ನ ಪಿರೋಜ್‌ಶಾನಗರ, 1951-52ರ ಮೊದಲ ಮಹಾಚುನಾವಣೆಗೆ ಲಕ್ಷಗಟ್ಟಲೆ ಉಕ್ಕಿನ ಮತಪೆಟ್ಟಿಗೆ ಮಾಡಿದ ಕಾರ್ಖಾನೆ, ಆಮೇಲೆ ಟೈಪ್‌ರೈಟರು, ಫ್ರಿಜ್ಜು, ಇಸ್ರೊಗೆ ರಾಕೆಟ್ ಎಂಜಿನ್ನು ಕೂಡ. ಕಾರ್ಖಾನೆಗಳಲ್ಲಿ ಪಳಗಿದ ಟರ್ನರುಗಳು ಈ ಭಾಗದ ಗಲ್ಲಿಗಳಲ್ಲಿ ಇನ್ನೂ ಇದ್ದಾರೆ. ಅಂಥ ಒಬ್ಬರ ಲೇಥಿನಲ್ಲಿ ಡಮ್ಮಿ ಶಾಫ್ಟು ತಯಾರಾಯಿತು: ಅಸಲಿ ಶಾಫ್ಟಿಗಿಂತ ಕೂದಲೆಳೆ ಸಣ್ಣ, ಉದ್ದ ಕ್ಲಸ್ಟರ್ ಗೇರಿನಷ್ಟೇ. ಅಳತೆ ಹೇಳಬೇಕಾಗಿಯೇ ಬರಲಿಲ್ಲ. ಕ್ಲಸ್ಟರನ್ನೂ ಹಳೇ ಶಾಫ್ಟನ್ನೂ ಮೇಜಿನ ಮೇಲಿಟ್ಟದ್ದೇ ಅವರಿಗೆ ಅರ್ಥವಾಯಿತು.

ಅದು ಏಕೆ ಬೇಕು ಎನ್ನುವುದು ಜೋಡಣೆಯಲ್ಲಿ ಗೊತ್ತಾಗುತ್ತದೆ. ಕ್ಲಸ್ಟರ್ ಎಂದರೆ ಒಂದೇ ಉಕ್ಕಿನಲ್ಲಿ ಕಡೆದ ಹಲವು ಗೇರುಗಳ ಕೊಳವೆ. ಈ ಡಬ್ಬಿಯಲ್ಲಿ ಅದರ ಎರಡು ತುದಿಗೂ ಒಳಗೆ ಸೂಜಿ ರೋಲರುಗಳ ಸುತ್ತು, ಹಿಡಿದಿಡಲು ಪಂಜರವಿಲ್ಲ. ಶಾಫ್ಟು ಇಲ್ಲದಿದ್ದರೆ ಎಲ್ಲವೂ ಒಳಗೆ ಕುಸಿಯುತ್ತವೆ. ಶಾಫ್ಟು ಹಾಕಿಟ್ಟರೆ ಕ್ಲಸ್ಟರು ಡಬ್ಬಿಯೊಳಗೆ ಇಳಿಯುವುದಿಲ್ಲ. ಆದ್ದರಿಂದ ಗ್ರೀಸು ಮೆತ್ತಿ, ಡಮ್ಮಿಯ ಸುತ್ತ ಒಂದೊಂದೇ ಸೂಜಿ ನಿಲ್ಲಿಸಬೇಕು. ಹುಡುಗ ಸ್ಟೂಲಿನ ಮೇಲೆ ಕೂತು ಅದನ್ನು ಮಾಡುತ್ತಿದ್ದಾಗ ಗಾಲಾದಲ್ಲಿ ಬೇರೆ ಕೆಲಸವೆಲ್ಲ ನಿಂತಿತ್ತು. ಕೊನೆಯ ಸೂಜಿಗೆ ಜಾಗವಿಲ್ಲ ಅನಿಸುತ್ತದೆ, ಉಗುರಿನಿಂದ ಸರಿಸಿದರೆ ಜಾಗ ಬಿಡುತ್ತದೆ. ಒಂದು ಸೂಜಿ ಕಡಿಮೆ ಇಟ್ಟರೂ ಹೊರಗಿನಿಂದ ಗೊತ್ತಾಗುವುದಿಲ್ಲ. ಗೊತ್ತಾಗುವುದು ಓಡಿಸಿದ ಮೇಲೆ, ಸದ್ದಿನಲ್ಲಿ.

ಅದಕ್ಕೂ ಮೊದಲೇ ಕ್ಲಸ್ಟರನ್ನು ಒಮ್ಮೆ ಕೂರಿಸಿ ಹಿಂದುಮುಂದಿನ ಆಟ ಅಳೆದಾಗಿತ್ತು. ವಿಲ್ಲಿಸ್ ಮ್ಯಾನ್ಯುಯಲ್ಲಿನಲ್ಲಿ ಬರೆದಿರುವುದು ಇಂಚಿನ ಸಾವಿರ ಪಾಲಿನಲ್ಲಿ 12ರಿಂದ 18. ಇಲ್ಲಿನ ಭಾಷೆಯಲ್ಲಿ ಬಾರಾ ಸೇ ಅಠಾರಾ ಥೌ. ಹಳೇ ವಾಷರಿನಲ್ಲಿ ಅದು ಎರಡರಷ್ಟಾಗಿತ್ತು. ಹಿಂದಿನ ಉಕ್ಕಿನ ವಾಷರು ದಪ್ಪದ್ದು ಹಾಕಿದ ಮೇಲೆ ಹದಕ್ಕೆ ಬಂತು. ಗೇರು ಹಾರುವುದಕ್ಕೆ ಈ ಸಡಿಲವೂ ಪಾಲುದಾರ.

ಮುಂದಿನದು ಕ್ರಮ. ರಿವರ್ಸ್ ಐಡ್ಲರು ಮೊದಲು. ಡಮ್ಮಿ ಸಮೇತ ಕ್ಲಸ್ಟರು ಡಬ್ಬಿಯ ತಳದಲ್ಲಿ ಮಲಗಬೇಕು. ಮೇನ್ ಶಾಫ್ಟು ಮೇಲಿನಿಂದ ಇಳಿದು ಹಿಂದಕ್ಕೆ ಹೊಗಬೇಕು, ಎಂಜಿನ್ ಕಡೆಯ ಗೇರು ಮುಂದಿನಿಂದ ಬರಬೇಕು. ಆಮೇಲೆ ಎರಡು ದಾರದ ಕುಣಿಕೆಯಿಂದ ಕ್ಲಸ್ಟರನ್ನು ಮೇಲಕ್ಕೆತ್ತಿ, ಹಿಂದಿನ ತೂತಿನಿಂದ ಅಸಲಿ ಶಾಫ್ಟನ್ನು ತಳ್ಳಬೇಕು. ಅದು ಒಳಗೆ ಬರುತ್ತಿದ್ದಂತೆ ಡಮ್ಮಿ ಮುಂದಿನಿಂದ ಹೊರಬೀಳುತ್ತದೆ, ಎರಡರ ತುದಿ ಒಂದನ್ನೊಂದು ಬಿಡಬಾರದು. ಹುಡುಗ ತಳ್ಳಿದ, ಕಾಕಾ ದಾರ ಹಿಡಿದರು. ಡಮ್ಮಿ ಕಾಕಾರ ಅಂಗೈಗೆ ಬಂದು ಬಿತ್ತು. ಅವರು ಏನೂ ಹೇಳದೆ ಅದನ್ನು ಒರೆಸಿ ಕಪಾಟಿಗೆ ಸೇರಿಸಿದರು.

ಮುಚ್ಚಳದಡಿ ಎಣ್ಣೆ ಸೋರದಂತೆ ಇಡುವ ಪ್ಯಾಕಿಂಗ್ ಕತ್ತರಿಸುವ ರೀತಿ ನೋಡಲು ನಾನು ಉಳಿದುಕೊಂಡೆ. ಕತ್ತರಿ ಬಳಸುವುದಿಲ್ಲ. ಪ್ಯಾಕಿಂಗ್ ಕಾಗದವನ್ನು ಡಬ್ಬಿಯ ಬಾಯಿಗೆ ಒತ್ತಿ ಹಿಡಿದು, ಚಿಕ್ಕ ಸುತ್ತಿಗೆಯಿಂದ ಅಂಚಿನುದ್ದಕ್ಕೂ ಟಕಟಕ ಬಡಿಯುತ್ತ ಹೋಗುತ್ತಾರೆ. ಕಬ್ಬಿಣದ ಅಂಚೇ ಕಾಗದವನ್ನು ಕತ್ತರಿಸುತ್ತದೆ. ಬೋಲ್ಟಿನ ತೂತಿಗೆ ಸುತ್ತಿಗೆಯ ಗುಂಡು ತುದಿ. ಅಳತೆಪಟ್ಟಿ ಇಲ್ಲ, ಪೆನ್ಸಿಲ್ ಇಲ್ಲ, ಪ್ಯಾಕಿಂಗ್ ಮಾತ್ರ ಆ ಡಬ್ಬಿಗೇ ಹುಟ್ಟಿದ್ದು. ಅಂಗಡಿಯ ಸಿಲಿಕಾನ್ ಅಂಟನ್ನು ಅವರು ಹತ್ತಿರ ಸೇರಿಸುವುದಿಲ್ಲ. ಹೆಚ್ಚಾದ ಅಂಟು ಒಳಗೆ ಉದುರಿ ಎಣ್ಣೆಯ ದಾರಿ ಮುಚ್ಚುತ್ತದೆ.

ಪರೀಕ್ಷೆ ನಡೆದದ್ದು ಮುಂದಿನ ಭಾನುವಾರ, ಪಾರ್ಕ್‌ಸೈಟಿನ ಇಳಿಜಾರಿನಲ್ಲಿ. ಸಪಾಟು ರಸ್ತೆಯಲ್ಲಿ ಎರಡನೇ ಗೇರು ಯಾವತ್ತೂ ಸಭ್ಯವಾಗಿಯೇ ಇರುತ್ತದೆ, ಅದರ ನಿಜ ಸ್ವಭಾವ ಇಳಿಯುವಾಗಲೇ ಗೊತ್ತಾಗುವುದು. ಮೊದಲನೇ ಗೇರಿಗೆ ಸಿಂಕ್ರೊ ಇಲ್ಲ, ಓಡುವಾಗ ಹಾಕಬೇಕೆಂದರೆ ಕ್ಲಚ್ ಎರಡು ಸಲ ಒತ್ತಿ ನಡುವೆ ಆಕ್ಸಿಲರೇಟರ್ ಕೊಡಬೇಕು. ಅದರಲ್ಲಿ ಹುಡುಗ ಇನ್ನೂ ಹಲ್ಲು ಕಡಿಸುತ್ತಾನೆ. ಗುಡ್ಡ ಹತ್ತಿ, ಗಾಡಿ ತಿರುಗಿಸಿ, ಎರಡನೇ ಗೇರಿಗೆ ಹಾಕಿ, ಕಾಲು ತೆಗೆದ. ಎಂಜಿನ್ ಗೊರಗೊರ ಎನ್ನುತ್ತ ಗಾಡಿಯನ್ನು ಹಿಡಿದಿಟ್ಟಿತು. ಕೋಲು ನಡುಗಿತು, ಜಾಗ ಬಿಡಲಿಲ್ಲ. ಕೈ ಅದರತ್ತ ತಾನಾಗಿ ಹೋದಾಗ ಕಾಕಾ ಮೆಲ್ಲಗೆ ಹೊಡೆದರು: "ಕೈ ತಗಿ. ಅದರ ಕೆಲಸ ಅದು ಮಾಡ್ಲಿ." ಆಮೇಲೆ ಇಬ್ಬರೂ 2025ರ ಜೂನ್‌ನಲ್ಲಿ ತೆರೆದ ಹೊಸ ಮೇಲ್ಸೇತುವೆ ಹತ್ತಿ ಪೂರ್ವಕ್ಕೆ ಹೋಗಿ ಬಂದರು. ವರ್ಷಗಟ್ಟಲೆ ಕಾಯಿಸಿದ ಆ ಸೇತುವೆಯ ಇಳಿಜಾರಿನಲ್ಲೂ ಗೇರು ನಿಂತಿತು.

ಹಳೇ ಜೀಪು ಕೊಳ್ಳಬೇಕೆಂದಿರುವವರಿಗೆ ಒಂದು ಮಾತು. ಈಗ ಎಲ್ಲರೂ ಮೊದಲು ಪೇಂಟು ಮಾಡಿಸುತ್ತಾರೆ, ದೊಡ್ಡ ಟೈರು ಹಾಕಿಸುತ್ತಾರೆ, ಗೇರ್‌ಬಾಕ್ಸು ಕಣ್ಣಿಗೆ ಕಾಣದ್ದರಿಂದ ಕೊನೆಗೆ ಉಳಿಯುತ್ತದೆ. ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು, ಅದರ ಕಾಗದ ಮೊದಲು ನೋಡಿ. ಆಮೇಲೆ ಒಂದು ಇಳಿಜಾರು ಹುಡುಕಿ, ಎರಡನೇ ಗೇರಿನಲ್ಲಿ ಕಾಲು ತೆಗೆದು ಇಳಿಸಿ. ಹಾರಿದರೆ ಬೆಲೆ ಇಳಿಸಿ ಕೇಳಿ, ಮಾರುವವನು ಸ್ಪ್ರಿಂಗು ಹಾಕಿಸಿಕೊಡುತ್ತೇನೆಂದರೆ ಬೇಡವೆನ್ನಿ. ಎಣ್ಣೆ 90 ನಂಬರಿನದು, ಅದರ ಕ್ಯಾನಿನ ಮೇಲೆ ಜಿಎಲ್-4 ಎಂದೇ ಇರಬೇಕು. ಜಿಎಲ್-5 ಎಣ್ಣೆಯ ಗಂಧಕದ ಸೇರ್ಪಡೆ ಹಿತ್ತಾಳೆ ರಿಂಗನ್ನು ತಿನ್ನುವ ಅಪಾಯವಿದೆ.  ಮಳೆಗಾಲ ಮುಗಿದ ಮೇಲೆ ಒಮ್ಮೆ ಗೇರ್‌ಬಾಕ್ಸು, ಟ್ರಾನ್ಸ್‌ಫರ್ ಕೇಸು ಎರಡರ ಎಣ್ಣೆಯ ಬೋಲ್ಟೂ ತೆಗೆದು ಬಣ್ಣ ನೋಡಿ.