ಗಾಲ್ಫ್ ಕೋಲಿನ ಕಿಡಿ, ಒಣಹುಲ್ಲಿನ ಮೆದೆ

ಕಳೆದ ಬೇಸಿಗೆಯಲ್ಲಿ ಸ್ನೇಹಿತರೊಬ್ಬರು ಬೆಂಗಳೂರಿನ ಹೊರವಲಯದ ಗಾಲ್ಫ್ ಮೈದಾನವೊಂದಕ್ಕೆ ನನ್ನನ್ನು ಕರೆದೊಯ್ದಿದ್ದರು. ಆಟ ನನಗೆ ಬಾರದು. ನಿವೃತ್ತಿಯ ನಂತರ ಕಲಿಯುವ ಉಮೇದೂ ಇಲ್ಲ. ಮಬ್ಬುಗತ್ತಲಾಗುವ ಹೊತ್ತಿಗೆ ಅವರ ಚೆಂಡು ಹಸಿರು ಹಾಸನ್ನು ದಾಟಿ ಅಂಚಿನ ಒಣಹುಲ್ಲಿನಲ್ಲಿ ಹೋಗಿ ಕುಳಿತಿತು. ಅವರು ಕೋಲು ಬೀಸಿದರು. ಠಣ್ಣೆಂಬ ಸದ್ದಿನೊಡನೆ ನೆಲದಿಂದ ಬೆಳ್ಳನೆಯ ಕಿಡಿಗಳ ಗೊಂಚಲೊಂದು ಎದ್ದು ಆರಿತು. ಚೆಂಡಿನ ಕೆಳಗೆ ಕಲ್ಲೊಂದು ಹುದುಗಿತ್ತು. ಸ್ನೇಹಿತರು ಕೋಲಿನ ತಳದಲ್ಲಿ ಮೂಡಿದ ಗೀರನ್ನು ನೋಡಿ, ಅದಕ್ಕೆ ತೆತ್ತ ಬೆಲೆಯನ್ನು ನೆನೆದು ಪರಿತಪಿಸಿದರು. ನನ್ನ ಕಣ್ಣು ಮಾತ್ರ ಹುಲ್ಲಿನ ಮೇಲೆಯೇ ಇತ್ತು.

ಇದಕ್ಕೆ ಕಾರಣವಿದೆ. ನಾನು ದೊಡ್ಡಮಳೂರಿನವನು. ಅಪ್ರಮೇಯಸ್ವಾಮಿಯಿಂದಲೂ ಅಂಬೆಗಾಲು ಕೃಷ್ಣನಿಂದಲೂ ಹೆಸರಾದ, ಚನ್ನಪಟ್ಟಣದ ಮಗ್ಗುಲಿನ ಈ ಊರಿನಲ್ಲಿ ಬೆಳೆದವರಿಗೆ ಕಲ್ಲು ಮತ್ತು ಕಿಡಿಯ ಸಂಬಂಧ ಪುಸ್ತಕದಿಂದ ತಿಳಿಯಬೇಕಾದುದಲ್ಲ. ಕಬ್ಬಿಣದ ಪಟ್ಟಿ ಬಿಗಿದ ಗಾಡಿಯ ಚಕ್ರ ಇರುಳಿನಲ್ಲಿ ಬಂಡೆಯ ಮೇಲೆ ಹಾಯ್ದಾಗ ಕಿಡಿ; ಕಲ್ಲುಕುಟಿಗರ ಉಳಿಯ ತುದಿಯಲ್ಲಿ ಕಿಡಿ. ನಮ್ಮ ಅಜ್ಜಂದಿರ ಕಾಲದವರು ಎಲೆಯಡಿಕೆಯ ಚೀಲದಲ್ಲಿಯೇ ಚಕಮಕಿ ಕಲ್ಲು, ಉಕ್ಕಿನ ತುಂಡು, ಒಂದಿಷ್ಟು ಹತ್ತಿ ಇಟ್ಟುಕೊಂಡಿರುತ್ತಿದ್ದರು. ಮೈಸೂರು ಕಡೆಗೆ ಹೋಗುವ ಕಲ್ಲಿದ್ದಲ ಗಾಡಿಯ ಕಿಟಕಿಯಿಂದ ತಲೆ ಹೊರಗೆ ಹಾಕಿ ಕಣ್ಣಿಗೆ ಕೆಂಡದ ಪುಡಿ ಬೀಳಿಸಿಕೊಂಡವರಲ್ಲಿ ನಾನೂ ಒಬ್ಬ.

ಕೋಲನ್ನು ಬರಿಯ ಗಾಳಿಯಲ್ಲಿ ಬೀಸಿದರೆ ಕಿಡಿ ಏಳುವುದಿಲ್ಲ; ಕಲ್ಲಿಗೆ ತಾಗಬೇಕು. ನಮ್ಮ ರಾಮನಗರದ ಬೆಟ್ಟಗಳ ಬಂಡೆ ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟು. ಊರಿನ ಹಳೆಯ ಹೆಸರಿನಿಂದಾಗಿ ಭೂವಿಜ್ಞಾನಿಗಳು ಅದನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಅದರೊಳಗಿನ ಬೆಣಚು ಕೋಲಿನ ಲೋಹಕ್ಕಿಂತ ಗಟ್ಟಿ. ವೇಗವಾಗಿ ಬಂದು ತಾಗಿದ ಲೋಹದಿಂದ ಅದು ಅತಿ ಸಣ್ಣ ಚೂರುಗಳನ್ನು ಕೆರೆದು ತೆಗೆಯುತ್ತದೆ. ಇಡೀ ಲೋಹಕ್ಕೆ ತೆಳುವಾದ ಆಕ್ಸೈಡ್ ಪದರದ ರಕ್ಷಣೆಯಿರುತ್ತದೆ. ಕೆರೆದ ಚೂರಿಗೆ ಆ ಹೊದಿಕೆಯಿಲ್ಲ. ತೂಕಕ್ಕೆ ಹೋಲಿಸಿದರೆ ಅದರ ಮೈ ದೊಡ್ಡದು. ಘರ್ಷಣೆಯ ಬಿಸಿ ಜೊತೆಗೂಡಿದಾಗ ಅದು ಗಾಳಿಯಲ್ಲಿಯೇ ಹೊತ್ತಿಕೊಳ್ಳುತ್ತದೆ. ದಪ್ಪ ಕೊರಡು ಸುಲಭವಾಗಿ ಹೊತ್ತದು, ಅದೇ ಮರದ ಹೊಟ್ಟು ಭಗ್ಗೆನ್ನುತ್ತದೆ. ಇಲ್ಲಿಯೂ ಲೆಕ್ಕ ಅದೇ.

ಹಾಗಿದ್ದರೆ ಎಲ್ಲ ಕೋಲುಗಳೂ ಒಂದೇ ಬಗೆಯಲ್ಲಿ ಕಿಡಿ ಕಾರುವುದಿಲ್ಲವೇಕೆ? ಉತ್ತರ ಟೈಟಾನಿಯಂ. ವಿಮಾನಗಳಿಗೆ ಬಳಸುತ್ತಿದ್ದ ಈ ಲೋಹ 1990ರ ದಶಕದಲ್ಲಿ ಗಾಲ್ಫ್ ಕೋಲುಗಳ ತಲೆಗೆ ಬಂದಿತು. ಉಕ್ಕಿಗಿಂತ ಸುಮಾರು ಶೇಕಡ 40ರಷ್ಟು ಹಗುರ, ಬೀಸಲು ಸಲೀಸು. ಆದರೆ ಅದರ ಚೂರು ಗಾಳಿಯ ಆಮ್ಲಜನಕದೊಡನೆ ಮಾತ್ರವಲ್ಲ, ಸಾಮಾನ್ಯವಾಗಿ ಸೋಮಾರಿಯೆನಿಸಿದ ಸಾರಜನಕದೊಡನೆಯೂ ಉಗ್ರವಾಗಿ ವರ್ತಿಸುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ 2010ರಲ್ಲಿ ಒಮ್ಮೆ, 2011ರಲ್ಲಿ ಮತ್ತೊಮ್ಮೆ ಗಾಲ್ಫ್ ಮೈದಾನದ ಅಂಚಿನ ಒಣಕುರುಚಲು ಹೊತ್ತಿ ಉರಿಯಿತು. ಮೊದಲ ಬೆಂಕಿಯನ್ನು ಆರಿಸಲು ನೂರಕ್ಕೂ ಹೆಚ್ಚು ಅಗ್ನಿಶಾಮಕ ಸಿಬ್ಬಂದಿ ಗಂಟೆಗಟ್ಟಲೆ ಹೆಣಗಬೇಕಾಯಿತು. ಕೋಲಿನ ಕಿಡಿಯಿಂದ ಹೀಗಾಯಿತೆಂದರೆ ಯಾರಾದರೂ ನಗುವ ಮಾತೇ. ಆದರೆ ಅರ್ವೈನ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಅರ್ತ್‌ಮನ್ ಮತ್ತು ಸಂಗಡಿಗರು ಕಲ್ಲು ಹುದುಗಿಸಿದ ನೆಲಕ್ಕೆ ಕೋಲುಗಳನ್ನು ಬೀಸಿ, ಅತಿವೇಗದ ಕ್ಯಾಮೆರಾದಲ್ಲಿ ಚಿತ್ರಿಸಿ, ಚೂರುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದರು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ ಟೈಟಾನಿಯಂ ಕಿಡಿಯ ತಾಪ 3,000 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ, ಎಂದರೆ ಸುಮಾರು 1,650 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಅದು ಒಂದು ಸೆಕೆಂಡಿಗೂ ಹೆಚ್ಚು ಕಾಲ ಉರಿಯುತ್ತದೆ. ತುಕ್ಕುಹಿಡಿಯದ ಉಕ್ಕಿನ ಕೋಲುಗಳಿಂದ ಅದೇ ಪರೀಕ್ಷೆಯಲ್ಲಿ ಕಿಡಿಯೇ ಏಳಲಿಲ್ಲ. ಒಂದು ಸೆಕೆಂಡು ನಮಗೆ ಅಲ್ಪವೆನಿಸಬಹುದು. ಒಣಗಿ ಗರಿಗರಿಯಾದ ಹುಲ್ಲಿಗೆ ಅದು ಧಾರಾಳವಾಯಿತು.

ಅರ್ಥಶಾಸ್ತ್ರ ಓದಿದವನಿಗೆ ಈ ಪ್ರಸಂಗ ಬೇರೊಂದನ್ನು ನೆನಪಿಸದೆ ಇರದು. ಕೇಂಬ್ರಿಜ್‌ನ ಪಿಗೂ 1920ರ ತಮ್ಮ ‘ದಿ ಎಕನಾಮಿಕ್ಸ್ ಆಫ್ ವೆಲ್‌ಫೇರ್’ ಗ್ರಂಥದಲ್ಲಿ, ಒಬ್ಬನ ಲಾಭದ ಕೆಲಸ ಮತ್ತೊಬ್ಬನ ತಲೆಯ ಮೇಲೆ ನಷ್ಟವಾಗಿ ಬೀಳುವುದಕ್ಕೆ ಕೊಟ್ಟ ಉದಾಹರಣೆಗಳಲ್ಲಿ ರೈಲು ಎಂಜಿನ್ನಿನ ಕಿಡಿಯಿಂದ ಪಕ್ಕದ ಕಾಡು ಸುಡುವುದೂ ಒಂದು. ಆ ನಷ್ಟವನ್ನು ರೈಲಿನ ಲೆಕ್ಕಕ್ಕೇ ಸೇರಿಸಬೇಕೆಂಬುದು ಅವರ ನಿಲುವು. 1960ರಲ್ಲಿ ರೊನಾಲ್ಡ್ ಕೋಸ್ ಇದೇ ಕಿಡಿಯನ್ನು ಎತ್ತಿಕೊಂಡು ಪಿಗೂ ಅವರೊಡನೆ ವಾದಕ್ಕಿಳಿದರು: ಕಿಡಿ ತಡೆಯುವುದು ಅಗ್ಗವೋ, ಹಳಿಯ ಪಕ್ಕದಲ್ಲಿ ಬೆಳೆ ಬಿಡುವುದು ಅಗ್ಗವೋ, ಮೊದಲು ಅದನ್ನು ನೋಡಿ ಎಂದರು. ಇಂಗ್ಲೆಂಡಿನಲ್ಲಿ, ಕಾನೂನಿನ ಅನುಮತಿ ಪಡೆದ ರೈಲು ಎಚ್ಚರ ತಪ್ಪದಿದ್ದರೆ ಪರಿಹಾರವನ್ನೇ ಕೊಡಬೇಕಿರಲಿಲ್ಲ. 1905ರ ಕಾಯಿದೆ ಬಂದ ಮೇಲೆ ಬೆಳೆಗೆ 100 ಪೌಂಡಿನವರೆಗೆ ದೊರೆಯಿತು. ತರಗತಿಯಲ್ಲಿ ಇದೆಲ್ಲ ರೇಖಾಚಿತ್ರಗಳ ಸೊಗಸಾದ ಸಂಗತಿಯಾಗಿತ್ತು.

ಸೇವೆಗೆ ಸೇರಿದ ಆರಂಭದ ವರ್ಷಗಳಲ್ಲಿ, ಬೆಂಕಿ ಬಿದ್ದ ಹುಲ್ಲಿನ ಮೆದೆಯೊಂದರ ಮಹಜರಿಗೆ ಹೋಗಿದ್ದೆ. ಪಕ್ಕದ ಜಮೀನಿನಲ್ಲಿ ಬಂಡೆ ಎಬ್ಬಿಸಲು ಸೌದೆ ಒಟ್ಟಿ ಕಲ್ಲು ಕಾಯಿಸಿದ್ದರು. ಮಧ್ಯಾಹ್ನದ ಗಾಳಿಗೆ ಕಿಡಿ ಹಾರಿ ಮೆದೆಗೆ ಬಿದ್ದಿತ್ತು. ಎರಡು ಎತ್ತು, ಒಂದು ಹಸುವಿಗೆ ಮುಂಗಾರಿನವರೆಗೆ ಆಗಬೇಕಿದ್ದ ರಾಗಿ ಹುಲ್ಲು ಬೂದಿಯಾಗಿತ್ತು. ಕಲ್ಲು ತೆಗೆಸುತ್ತಿದ್ದವರು ಊರಿಗೆ ಬೇಕಾದವರು. ಕಂಡೆನೆಂದು ಹೇಳುವ ಸಾಕ್ಷಿ ಒಬ್ಬರೂ ಸಿಗಲಿಲ್ಲ. ಕಾರಣದ ಕಲಮಿನಲ್ಲಿ ನಾನು ‘ಆಕಸ್ಮಿಕ’ ಎಂದು ಬರೆಸಿದೆ. ಹೆಬ್ಬೆಟ್ಟು ಒತ್ತುವ ಮೊದಲು ಆ ಮುದುಕ ಕೇಳಿದ: ‘ಆಕಸ್ಮಿಕ ಅಂದ್ರೆ ಯಾರ್ದೂ ತಪ್ಪಿಲ್ಲ ಅಂತಲಾ ಬುದ್ಧಿ?’ ಪಿಗೂ, ಕೋಸ್ ಇಬ್ಬರನ್ನೂ ಓದಿಕೊಂಡಿದ್ದ ನನ್ನಲ್ಲಿ ಉತ್ತರವಿರಲಿಲ್ಲ. ಬೇಸಿಗೆಯ ನಡುವೆ ಎತ್ತುಗಳನ್ನು ಸಂತೆಗೆ ಹೊಡೆದನೆಂದು ಆಮೇಲೆ ಕೇಳಿದೆ. ಬೇಸಿಗೆಯಲ್ಲಿ ಮೇವಿಲ್ಲದವನ ಎತ್ತಿಗೆ ಸಂತೆಯಲ್ಲಿ ಎಂಥ ಬೆಲೆ ಸಿಗುತ್ತದೆಂಬುದನ್ನು ವಿವರಿಸಬೇಕಿಲ್ಲ.

ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದದ್ದು 1876ರಲ್ಲಿ, ಧಾತು-ಈಶ್ವರ ಸಂವತ್ಸರಗಳ ಭೀಕರ ಬರ ಮೈಸೂರು ಸೀಮೆಗೆ ಕಾಲಿಟ್ಟ ವರ್ಷದಲ್ಲಿ. ಇದರಿಂದ ಏನನ್ನೂ ಸಾಧಿಸಬೇಕೆಂದು ನಾನು ಹೊರಟಿಲ್ಲ. ಆದರೆ ನೀರುಣಿಸಿ ಬೆಳೆಸಿದ ಹುಲ್ಲೂ ಒಣಗಿ ನಿಂತ ಹುಲ್ಲೂ ನಮ್ಮಲ್ಲಿ ಬಹುಕಾಲದಿಂದ ಅಕ್ಕಪಕ್ಕದಲ್ಲಿವೆ. ಈಗ ಆಟದ ಮೈದಾನಗಳು ನಗರ ದಾಟಿ ಕಲ್ಲುಬಂಡೆಯ, ಕುರುಚಲು ಕಾಡಿನ ನಮ್ಮ ಸೀಮೆಯ ಅಂಚಿಗೆ ಬಂದಿವೆ. 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರು ಬದಲಿಸಿಕೊಂಡ ಈ ಜಿಲ್ಲೆಯಲ್ಲಿಯೇ, 2012ರಲ್ಲಿ ರಣಹದ್ದುಗಳಿಗಾಗಿ ಕಾಯ್ದಿರಿಸಿದ ರಾಮದೇವರ ಬೆಟ್ಟವಿದೆ. ಮಾಘ ಕಳೆದರೆ ಸಾಕು, ಸುತ್ತಲಿನ ಬೋದೆಹುಲ್ಲು ಕಿಡಿಗೆ ಕಾದಂತೆ ನಿಂತಿರುತ್ತದೆ.

ಗಾಲ್ಫ್ ಆಟಗಾರರು ಬೆರಳೆಣಿಕೆಯವರು, ಅವರಿಂದ ಕಾಡು ಸುಡುತ್ತಿದೆಯೆಂದು ನಾನು ದೂರುತ್ತಿಲ್ಲ. ಕಳೆ ಕೊಚ್ಚುವ ಯಂತ್ರದ ಉಕ್ಕಿನ ಅಲಗು ಕಲ್ಲಿಗೆ ತಾಗುವುದು ಇಂದು ನಿತ್ಯದ ಮಾತು. ಬಂಡೆಯಿರುವ ಕಡೆ, ಉರಿಬಿಸಿಲಿನಲ್ಲಿ, ಅಲಗಿನ ಬದಲು ನೈಲಾನ್ ದಾರ ಹಾಕಿದರೆ ಆಗುವ ಖರ್ಚು ಅತ್ಯಲ್ಪ. ರಸ್ತೆಯಲ್ಲಿ ಒಕ್ಕಣೆಗೆ ಹರಡಿದ ಹುಲ್ಲು ಕಾರಿನ ಅಡಿಗೆ ಸುತ್ತಿಕೊಂಡು ಹೊತ್ತಿಕೊಳ್ಳುವುದೂ ನಮಗೆ ಹೊಸತಲ್ಲ. ಅಲ್ಲಿ ರೈತನನ್ನು ಗದರಿಸಿ ಫಲವಿಲ್ಲ. ಕೋಸ್ ಹೇಳಿದ ಲೆಕ್ಕವನ್ನು ಮಾಡಿ ನೋಡಿದರೆ ಊರಿಗೊಂದು ಸಾಮೂಹಿಕ ಕಣ ಕಟ್ಟಿಸಿಕೊಡುವುದೇ ಅಗ್ಗ.

ಇನ್ನು ಗಾಲ್ಫಿನ ಮಾತು. ಆಡಲಾಗದ ಜಾಗದಲ್ಲಿ ಚೆಂಡು ಬಿದ್ದರೆ ಅದನ್ನು ಎತ್ತಿ ಬೇರೆಡೆ ಇಟ್ಟುಕೊಳ್ಳಲು ಆಟದ ನಿಯಮದಲ್ಲಿಯೇ ಅವಕಾಶವಿದೆ. ದಂಡವಾಗಿ ಒಂದು ಹೊಡೆತ ಲೆಕ್ಕಕ್ಕೆ ಸೇರುತ್ತದೆ, ಅಷ್ಟೆ. ಅಂದು ಮನೆಗೆ ಮರಳುವಾಗ ಸ್ನೇಹಿತರಿಗೆ ಇದನ್ನು ಹೇಳಿದೆ. ‘ಕಲ್ಲಿದ್ದದ್ದು ಕಾಣಲಿಲ್ಲವಲ್ಲ’ ಎಂದರು. ‘ಹುಲ್ಲು ಒಣಗಿದ್ದದ್ದು ಕಂಡಿತಲ್ಲ’ ಎಂದೆ. ಸ್ವಲ್ಪ ದೂರ ಇಬ್ಬರೂ ಮಾತಾಡಲಿಲ್ಲ. ಮುಂದಿನ ವಾರ ದೂರವಾಣಿ ಮಾಡಿ, ಅಂಚಿನ ಹುಲ್ಲಿಗೆ ಹೋದಾಗ ಬಳಸಲು ಹಳೆಯ ಉಕ್ಕಿನ ಕೋಲನ್ನು ಅಟ್ಟದಿಂದ ಇಳಿಸಿದ್ದೇನೆ ಎಂದರು. ಅದು ಭಾರವಂತೆ, ಭುಜ ನೋಯುತ್ತದಂತೆ.