ಚೆಂಡೋ? ಪುಸ್ತಕವೋ?

ಅಮೆರಿಕದಲ್ಲಿ ಫುಟ್‌ಬಾಲ್ ಅಂದ್ರೆ ನಾವು ಕಾಲಲ್ಲಿ ಒದೆಯುವ ಆಟ ಅಲ್ಲ. ತೆಂಗಿನಕಾಯಿಯ ಹಾಗೆ ಉದ್ದಕ್ಕಿರುವ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ. ಚೆನ್ನಾಗಿ ಆಡುವ ಹೈಸ್ಕೂಲ್ ಹುಡುಗರನ್ನು ಕಾಲೇಜಿನ ಕೋಚ್‌ಗಳು ಮನೆಗೇ ಬಂದು ಕರೆಯುತ್ತಾರೆ. ದೊಡ್ಡ ಕಾಲೇಜಾದರೆ ಫೀಸು, ಊಟ, ಹಾಸ್ಟೆಲ್ ಎಲ್ಲಾ ಅವರದೇ! 2025ರಿಂದ ಕಾಲೇಜು ನೇರವಾಗಿ ದುಡ್ಡನ್ನೂ ಕೊಡಬಹುದು. ನಾಲ್ಕೈದು ಕಾಲೇಜು ಕರೆದರೆ ಯಾವುದಕ್ಕೆ ಹೋಗೋದು?

ನಾನಾಗಿದ್ದರೆ ಮೈದಾನ ನೋಡಿಯೇ ಹೂಂ ಅಂದುಬಿಡ್ತಿದ್ದೆ. ಆದರೆ ಕಾಲೇಜು ಆಟ ಮುಗಿಸುವ ನೂರು ಜನರಲ್ಲಿ ಇಬ್ಬರನ್ನೂ ಸಂಬಳದ ತಂಡಗಳು ಆರಿಸಿಕೊಳ್ಳುವುದಿಲ್ಲ. ಮಂಡಿ ಮುರಿದರೆ ಆಟ ಅಲ್ಲಿಗೇ ಮುಗಿಯಬಹುದು. ಕರೆದ ಕೋಚೇ ಮರುವರ್ಷ ಬೇರೆ ಕಾಲೇಜಿಗೆ ಹೋಗಿಬಿಡಬಹುದು. ಅದಕ್ಕೇ ಮೊದಲೇ ಕೇಳಬೇಕು: ಪ್ರಾಕ್ಟೀಸ್ ಹೊತ್ತಿಗೇ ಲ್ಯಾಬ್ ಬಂದರೆ ಬಿಡ್ತೀರಾ? ನಿಮ್ಮ ಆಟಗಾರರಲ್ಲಿ ಡಿಗ್ರಿ ಮುಗಿಸಿದವರು ಎಷ್ಟು ಜನ?

ಮೈರನ್ ರೋಲ್ ಎಂಬ ಆಟಗಾರ 2006ರಲ್ಲಿ ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯ ಸೇರಿದರು. 2008ರ ನವೆಂಬರಿನಲ್ಲಿ ರೋಡ್ಸ್ ವಿದ್ಯಾರ್ಥಿವೇತನದ ಸಂದರ್ಶನವೂ ಮ್ಯಾಚೂ ಒಂದೇ ದಿನ ಬಂದವು! ಸಂದರ್ಶನ ಮುಗಿಸಿ ವಿಮಾನದಲ್ಲಿ ಓಡಿಬಂದಾಗ ಆಟ ಶುರುವಾಗಿಹೋಗಿತ್ತು. ವಿದ್ಯಾರ್ಥಿವೇತನವೂ ಸಿಕ್ಕಿತು, ತಂಡವೂ ಗೆದ್ದಿತು. ಆಮೇಲೆ ಅವರು ಒಂದು ವರ್ಷ ಆಟ ಬಿಟ್ಟು ಆಕ್ಸ್‌ಫರ್ಡಿನಲ್ಲಿ ಓದಿದರು. 2010ರಲ್ಲಿ ಸಂಬಳದ ತಂಡವೊಂದು ಆರಿಸಿತಾದರೂ ಆರನೇ ಸುತ್ತಿನಲ್ಲಿ. ಲೀಗಿನ ಒಂದು ಪಂದ್ಯದಲ್ಲೂ ಇಳಿಸಲಿಲ್ಲ. ಓದಿಗೆ ಹೋದದ್ದರಿಂದ ಆಟಕ್ಕೆ ನಷ್ಟವಾಯಿತೇ? ಆಗಿರಬಹುದು, ಅದನ್ನು ಮುಚ್ಚಿಡಬಾರದು. 2013ರಲ್ಲಿ ತಮ್ಮ ಹಳೆಯ ವಿಶ್ವವಿದ್ಯಾಲಯದ ಮೆಡಿಕಲ್ ಕಾಲೇಜಿಗೇ ವಾಪಸು ಬಂದರು. ಈಗ ಮಕ್ಕಳ ಮೆದುಳಿನ ಆಪರೇಷನ್ ಮಾಡುವ ಡಾಕ್ಟರು.