ವಿಡಿಯೋ ದೃಶ್ಯಗಳಲ್ಲಿನ ಕಂಪನ: ಗುರುತಿಸುವಿಕೆ ಮತ್ತು ಸರಿಪಡಿಸುವಿಕೆ

ದೂರು ಅಥವಾ ಮನವಿಯೊಂದಿಗೆ ಮೊಬೈಲ್ ದೂರವಾಣಿಯಲ್ಲಿ ಚಿತ್ರೀಕರಿಸಿದ ವಿಡಿಯೋವನ್ನು ಸಾರ್ವಜನಿಕರು ಲಗತ್ತಿಸುವುದು ಸಾಮಾನ್ಯವಾಗಿದೆ. ದೃಶ್ಯವು ಅಲುಗಾಡಿದಲ್ಲಿ ವಾಹನದ ನೋಂದಣಿ ಸಂಖ್ಯೆ, ನಾಮಫಲಕ, ಗಡಿಕಲ್ಲು ಮುಂತಾದ ಮುಖ್ಯ ವಿವರಗಳು ಸ್ಪಷ್ಟವಾಗುವುದಿಲ್ಲ. ಅರ್ಜಿದಾರರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಗುರುತಿಸುವ ವಿಧಾನ

ವಿದ್ಯುತ್ ಕಂಬ, ಗೋಡೆಯ ಅಂಚು ಮುಂತಾದ ಸ್ಥಿರ ವಸ್ತುವೊಂದನ್ನು ಆಯ್ದುಕೊಂಡು ವಿಡಿಯೋವನ್ನು ನಿಧಾನಗತಿಯಲ್ಲಿ ವೀಕ್ಷಿಸತಕ್ಕದ್ದು.

ಅ) ಕಂಬ ಹಾಗೂ ಹಿನ್ನೆಲೆ ಒಟ್ಟಾಗಿ ಅತ್ತಿತ್ತ ಸರಿದಲ್ಲಿ ಅದು ಕೈ ನಡುಕದಿಂದ ಉಂಟಾದ ಕಂಪನ. ಇದನ್ನು ಬಹುಮಟ್ಟಿಗೆ ಸರಿಪಡಿಸಬಹುದು.

ಆ) ಕಂಬವು ಓರೆಯಾಗಿ ಅಥವಾ ಬಳುಕಿದಂತೆ ಕಂಡಲ್ಲಿ ಅದು ರೋಲಿಂಗ್ ಶಟರ್ ದೋಷ. ಕ್ಯಾಮೆರಾದ ಸಂವೇದಕವು ಚಿತ್ರವನ್ನು ಸಾಲು ಸಾಲಾಗಿ ದಾಖಲಿಸುವಾಗ ಕ್ಯಾಮೆರಾ ಚಲಿಸುವುದೇ ಇದಕ್ಕೆ ಕಾರಣ. ಇದನ್ನು ಭಾಗಶಃ ಮಾತ್ರ ಸರಿಪಡಿಸಬಹುದು.

ಇ) ವಿಡಿಯೋವನ್ನು ನಿಲ್ಲಿಸಿ ನೋಡಿದಾಗಲೂ ಅಂಚುಗಳು ಎಳೆದಂತೆ ಮಸುಕಾಗಿದ್ದಲ್ಲಿ, ಕಡಿಮೆ ಬೆಳಕಿನಲ್ಲಿ ಶಟರ್ ಹೆಚ್ಚು ಹೊತ್ತು ತೆರೆದಿತ್ತೆಂದು ತಿಳಿಯಬಹುದು. ಕಂಪನ ನಿವಾರಣೆಯಿಂದ ಈ ಮಸುಕು ಹೋಗುವುದಿಲ್ಲ. ಸಾಧ್ಯವಿದ್ದಲ್ಲಿ ಮರುಚಿತ್ರೀಕರಣವೇ ಸೂಕ್ತ.

2. ಸರಿಪಡಿಸುವ ವಿಧಾನ

ತಂತ್ರಾಂಶವು ಮೊದಲು ಒಂದು ಚೌಕಟ್ಟಿನಿಂದ ಮುಂದಿನದಕ್ಕೆ ಕ್ಯಾಮೆರಾ ಎಷ್ಟು ಸರಿದಿದೆ ಎಂಬುದನ್ನು ಅಳೆಯುತ್ತದೆ. ಅನಂತರ ಅಲುಗಾಟ ಕಡಿಮೆಯಾಗುವಂತೆ ಪ್ರತಿ ಚೌಕಟ್ಟನ್ನು ವಿರುದ್ಧ ದಿಕ್ಕಿಗೆ ಸರಿಸುತ್ತದೆ. ಉಚಿತವಾಗಿ ದೊರೆಯುವ ಎಫ್‌ಎಫ್‌ಎಂಪೆಗ್ ತಂತ್ರಾಂಶದ ವಿಡ್‌ಸ್ಟ್ಯಾಬ್ ಸೌಲಭ್ಯವು ಇದನ್ನು ಎರಡು ಹಂತಗಳಲ್ಲಿ ಮಾಡುತ್ತದೆ. ಚೌಕಟ್ಟು ಸರಿಯುವುದರಿಂದ ಅಂಚುಗಳಲ್ಲಿ ಖಾಲಿ ಜಾಗ ಉಂಟಾಗಿ, ಅದನ್ನು ಕತ್ತರಿಸಬೇಕಾಗುತ್ತದೆ. ಅಂಚಿನಲ್ಲಿರುವ ಮುಖ್ಯ ವಿವರವು ಕಳೆದುಹೋಗದಂತೆ ಗಮನಿಸತಕ್ಕದ್ದು. ಖಾಲಿ ಜಾಗವನ್ನು ಕೃತಕವಾಗಿ ತುಂಬುವ ಸೌಲಭ್ಯವನ್ನು ಬಳಸಬಾರದು. ಹಾಗೆ ಮಾಡಿದಲ್ಲಿ ಕ್ಯಾಮೆರಾ ಆ ಕ್ಷಣದಲ್ಲಿ ಕಾಣದಿದ್ದುದೂ ದೃಶ್ಯದಲ್ಲಿ ಸೇರುತ್ತದೆ.

3. ಮೂಲ ಕಡತದ ಸಂರಕ್ಷಣೆ

ಸರಿಪಡಿಸಿದ ವಿಡಿಯೋ ಹೊಸ ಕಡತವಾಗಿದ್ದು, ಅದರ ಹ್ಯಾಶ್ ಮೌಲ್ಯವು ಮೂಲ ಕಡತದ್ದಕ್ಕಿಂತ ಬೇರೆಯಾಗಿರುತ್ತದೆ. ದಿನಾಂಕ 1-7-2024ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 63ರನ್ವಯ ವಿದ್ಯುನ್ಮಾನ ದಾಖಲೆಯೊಂದಿಗೆ ಸಲ್ಲಿಸುವ ಪ್ರಮಾಣಪತ್ರದ ನಮೂನೆಯಲ್ಲಿ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕಾಗಿರುತ್ತದೆ. ಆದುದರಿಂದ ಮೂಲ ಕಡತವನ್ನು ಅಳಿಸದೆ, ಬದಲಿಸದೆ ಕಾಯ್ದಿರಿಸಿ, ಪ್ರತಿಯ ಮೇಲೆ ಮಾತ್ರ ತಿದ್ದುಪಡಿ ಮಾಡತಕ್ಕದ್ದು. ಎರಡನ್ನೂ ಸಲ್ಲಿಸುವಾಗ "ಮೂಲ" ಮತ್ತು "ಕಂಪನ ನಿವಾರಿಸಿದ ಪ್ರತಿ" ಎಂದು ಸ್ಪಷ್ಟವಾಗಿ ನಮೂದಿಸುವುದು. ಸಂದೇಶ ಸೇವೆಗಳ ಮೂಲಕ ವಿಡಿಯೋವಾಗಿ ಕಳುಹಿಸಿದಾಗ ಕಡತವು ಸಾಮಾನ್ಯವಾಗಿ ಕುಗ್ಗುವುದರಿಂದ, ಅಂತಹ ಪ್ರತಿಯನ್ನು ಮೂಲವೆಂದು ಭಾವಿಸಬಾರದು.

4. ಚಿತ್ರೀಕರಣದ ವೇಳೆ ಮುನ್ನೆಚ್ಚರಿಕೆ

ದೂರವಾಣಿಯನ್ನು ಎರಡೂ ಕೈಗಳಿಂದ ಹಿಡಿದು, ಮೊಣಕೈಗಳನ್ನು ದೇಹಕ್ಕೆ ಒತ್ತಿಕೊಳ್ಳುವುದು ಅಥವಾ ಗೋಡೆಗೆ ಒರಗುವುದು. ಜೂಮ್ ಮಾಡುವ ಬದಲು, ಸುರಕ್ಷಿತವಾಗಿದ್ದಲ್ಲಿ, ಸಮೀಪಕ್ಕೆ ಹೋಗುವುದು. ಮುಖ್ಯ ವಿವರದ ಮೇಲೆ ಕನಿಷ್ಠ 5 ಸೆಕೆಂಡುಗಳ ಕಾಲ ಕ್ಯಾಮೆರಾವನ್ನು ಸ್ಥಿರವಾಗಿ ನಿಲ್ಲಿಸುವುದು.